ಕಡಲಕಳೆ ದ್ರಾವಣ: 'ಒಟ್ಟು ಕಾರ್ಬೋಹೈಡ್ರೇಟ್' ಅಂಕಿ ಏನನ್ನೂ ಹೇಳದು

ಮಾನ್ಯ ಸಂಪಾದಕರೇ,

ಮಂಡ್ಯ ಸೀಮೆಯ ಕಬ್ಬು, ಭತ್ತಕ್ಕೆಂದು 'ಸೀವೀಡ್' (ಕಡಲಕಳೆ) ಹೆಸರಿನ ಕಪ್ಪು ದ್ರಾವಣಗಳು ಅಂಗಡಿಯಲ್ಲಿ ಸಿಗುತ್ತವೆ. 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2021ರಲ್ಲಿ ತಿದ್ದುಪಡಿಯಾಗಿ ಇಂಥವು ಜೈವಿಕ ಉತ್ತೇಜಕಗಳ (ಬೆಳೆಯ ಬೆಳವಣಿಗೆಗೆ ಚುರುಕು ಕೊಡುವ ವಸ್ತುಗಳ) ಪಟ್ಟಿಗೆ ಸೇರಿವೆ. ಆದರೆ ಪರೀಕ್ಷಾ ವರದಿಯಲ್ಲಿ 'ಒಟ್ಟು ಕಾರ್ಬೋಹೈಡ್ರೇಟ್ ಇಷ್ಟು' ಎಂದಷ್ಟೇ ಇದ್ದರೆ ಅದರಿಂದ ಪ್ರಯೋಜನವಿಲ್ಲ. ಒಟ್ಟು ಸಕ್ಕರೆ ಅಳೆಯುವ ಫೀನಾಲ್-ಸಲ್ಫ್ಯೂರಿಕ್ ಆಮ್ಲದ ಪರೀಕ್ಷೆಗೆ ಕಡಲಕಳೆಯೂ ಒಂದೇ, ಸಕ್ಕರೆ ಕಾರ್ಖಾನೆಯ ಕಾಕಂಬಿಯೂ ಒಂದೇ. ಎರಡಕ್ಕೂ ಬಣ್ಣ ಬರುತ್ತದೆ, 490 ನ್ಯಾನೋಮೀಟರಿನ ಬೆಳಕಿನಲ್ಲಿ ಅಂಕಿ ಏರುತ್ತದೆ. ಹಾಗಾಗಿ ಕಾಕಂಬಿ ಬೆರೆಸಿದ್ದರೂ ಆ ಅಂಕಿಯಿಂದ ತಿಳಿಯದು.

ಇವೆರಡನ್ನು ಬೇರೆ ಮಾಡಿ ತೋರಿಸಲು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ತಮಿಳುನಾಡಿನ ರಾಮನಾಥಪುರ ಕರಾವಳಿಯಲ್ಲಿ ಬೆಳೆಯುವ ಕೆಂಪು ಕಡಲಕಳೆ ಕಪ್ಪಾಫೈಕಸ್‌ನಲ್ಲಿರುವುದು ಕಪ್ಪಾ ಕ್ಯಾರಗೀನನ್ ಎಂಬ, ಸಲ್ಫೇಟ್ ಹೊತ್ತ ಸಕ್ಕರೆಗಳ ಸರಪಳಿ. ಆ ಉದ್ದನೆಯ ಸರಪಳಿಯನ್ನು ಹಾಗೇ ಯಂತ್ರಕ್ಕೆ ಬಿಡಲಾಗದು, ಕ್ಯಾರಗೀನೇಸ್ ಕಿಣ್ವದಿಂದ ತುಂಡರಿಸಬೇಕು. ಎರಡು ಸಕ್ಕರೆ, ಒಂದು ಸಲ್ಫೇಟ್ ಇರುವ ತುಂಡು ಋಣ ಅಯಾನಾಗಿ (ಋಣಾವೇಶದ ಕಣವಾಗಿ) 403ರಲ್ಲಿ ಕಾಣುತ್ತದೆ; ಈ ಅಂಕಿ ತೂಕವನ್ನು ಆವೇಶದಿಂದ ಭಾಗಿಸಿದ್ದು. ನಾಲ್ಕು ಸಕ್ಕರೆಯದು ಎರಡು ಋಣಾವೇಶ ಹೊತ್ತು 394ರಲ್ಲಿ. ಕಾಕಂಬಿಯ ಸುಕ್ರೋಸ್ ಸೋಡಿಯಂ ಜತೆಗೂಡಿ ಧನ ವಿಧಾನದಲ್ಲಿ 365ಕ್ಕೆ ಬರುತ್ತದೆ. ಮಾಲ್ಟೋಸ್ ಬರುವುದೂ ಅಲ್ಲಿಗೇ, ಹಾಗಾಗಿ ಸಕ್ಕರೆಗಳನ್ನು ಬೇರ್ಪಡಿಸುವ ಕಾಲಮ್‌ನಿಂದ ಹೊರಬರುವ ಸಮಯವನ್ನು ಶುದ್ಧ ಸುಕ್ರೋಸ್‌ನೊಂದಿಗೆ ಹೋಲಿಸದೆ ಕಲಬೆರಕೆ ಎಂದು ಕೂಗುವಂತಿಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ಉಪ್ಪಿನಿಂದ. ಕ್ಷಾರದಲ್ಲಿ ಬೇಯಿಸಿ ತೆಗೆದ ಸಾರದಲ್ಲಿ ಪೊಟ್ಯಾಸಿಯಂ ತುಂಬಿರುತ್ತದೆ. ಅದು ಸಕ್ಕರೆಯ ಸಂಕೇತವನ್ನೇ ಅದುಮಿಬಿಡುತ್ತದೆ. ಉಪ್ಪು ಕಳೆಯಲು 1000 ಡಾಲ್ಟನ್ನಿಗಿಂತ (ಡಾಲ್ಟನ್ ಎಂದರೆ ಅಣುತೂಕದ ಏಕಮಾನ) ಸಣ್ಣದನ್ನು ಹೊರಬಿಡುವ ಡಯಾಲಿಸಿಸ್ ಚೀಲ ಬಳಸಿದರೆ ಬೇಕಾದ ಸಣ್ಣ ತುಂಡುಗಳೂ ನೀರುಪಾಲು. ಗ್ರಾಫೈಟ್ ಇಂಗಾಲದ ಕಾಲಮ್ ವಾಸಿ: ನೀರಿನಲ್ಲಿ ಉಪ್ಪು ಹೋಗುತ್ತದೆ, 50% ಅಸಿಟೋನೈಟ್ರೈಲ್‌ಗೆ 0.1% ಟ್ರೈಫ್ಲೋರೋಅಸಿಟಿಕ್ ಆಮ್ಲ ಸೇರಿಸಿ ಹರಿಸಿದರೆ ಸಲ್ಫೇಟುಳ್ಳ ತುಂಡುಗಳು ಇಳಿಯುತ್ತವೆ. ಆಮ್ಲ ಉಳಿದಂತೆ ಬಿಸಿಮಾಡಿ ಒಣಗಿಸಿದರೆ ಸಲ್ಫೇಟ್ ಉದುರುತ್ತದೆ, ಕೂಡಲೇ ತಟಸ್ಥಗೊಳಿಸಬೇಕು. ಯಂತ್ರದಲ್ಲಿ ಅಣುಗಳಿಗೆ ಆವೇಶ ಕೊಡುವ ಅಯಾನು ಮೂಲದ ವೋಲ್ಟೇಜ್ ಹೆಚ್ಚಾದರೂ ಇದೇ ಗತಿ: 80 ಡಾಲ್ಟನ್ ಕಳಚಿ 403 ಇದ್ದದ್ದು 323 ಆಗುತ್ತದೆ. ಅವಸರದ ವಿಶ್ಲೇಷಕರು ಅದನ್ನೇ 'ಸಲ್ಫೇಟಿಲ್ಲದ ಸಕ್ಕರೆ' ಎಂದು ಬರೆದುಬಿಡುತ್ತಾರೆ.

ಕಂದು ಕಳೆಯಾದ ಸರ್ಗಾಸಮ್‌ನ ಆಲ್ಜಿನೇಟ್ ಎಂಬ ಸಕ್ಕರೆ ಸರಪಳಿಯ ವಿಷಯದಲ್ಲಿ ಯಂತ್ರಕ್ಕೂ ಮಿತಿಯಿದೆ. ಅದರ ಮ್ಯಾನ್ಯುರೋನಿಕ್, ಗುಲ್ಯುರೋನಿಕ್ ಘಟಕಗಳೆರಡರ ತೂಕವೂ 176 ಡಾಲ್ಟನ್. ಅವುಗಳ ಪ್ರಮಾಣ ತಿಳಿಯಲು, ಕಾಂತಕ್ಷೇತ್ರದಲ್ಲಿ ಅಣುವಿನ ರಚನೆ ನೋಡುವ ಎನ್‌ಎಂಆರ್ ಬೇಕು.

ಇನ್ನೊಂದು ಮಾತು. ಹಸಿ ಕಪ್ಪಾಫೈಕಸ್ ಹಿಂಡಿ ತೆಗೆದ ರಸವಾದರೆ ಕ್ಯಾರಗೀನನ್ ಬಹುಪಾಲು ಹಿಪ್ಪೆಯಲ್ಲೇ ಉಳಿಯುತ್ತದೆ. ಅಂಥದ್ದರಲ್ಲಿ 403 ಕಾಣದಿದ್ದರೆ ಅದು ನಕಲಿಯೆಂದು ಅರ್ಥವಲ್ಲ. ಆದ್ದರಿಂದ ಯಾವ ಕಳೆ, ಹಿಂಡಿದ್ದೋ ಬೇಯಿಸಿದ್ದೋ ಎಂಬುದನ್ನು ಬಾಟಲಿಯ ಮೇಲೆ ಬರೆಸುವುದು, ಮಾದರಿ ತೆಗೆಯುವ ಮುನ್ನ ಬಾಟಲಿಯನ್ನು ಚೆನ್ನಾಗಿ ಕುಲುಕಿಸುವುದು, ವರದಿಗೆ ಮಾಸ್ ಸ್ಪೆಕ್ಟ್ರಮ್‌ನ ಪ್ರತಿ ಲಗತ್ತಿಸುವುದು, ಇಷ್ಟನ್ನು ಕೃಷಿ ಇಲಾಖೆ ಕಡ್ಡಾಯ ಮಾಡಲಿ.

— ಸಕ್ಕರೆ ರಸಾಯನಶಾಸ್ತ್ರದ ಸಂಶೋಧಕರು, ಸರಸ್ವತಿಪುರಂ, ಮೈಸೂರು