ಸೂಜಿ ಡಬ್ಬಿ ರೋಗಿಯ ಹಾಸಿಗೆ ಬಳಿ ಇರಲಿ

ಮಾನ್ಯ ಸಂಪಾದಕರೇ,

ಮಂಗಳೂರು, ಉಡುಪಿ, ಮಣಿಪಾಲದ ಆಸ್ಪತ್ರೆಗಳಿಗೆ ಪ್ರತಿವರ್ಷ ನರ್ಸಿಂಗ್, ಎಂಬಿಬಿಎಸ್, ಲ್ಯಾಬ್ ಕೋರ್ಸುಗಳ ಹೊಸ ವಿದ್ಯಾರ್ಥಿಗಳು ವಾರ್ಡ್ ಡ್ಯೂಟಿಗೆ ಬರುತ್ತಾರೆ. ಅವರಿಗೆ ಸೂಜಿ ಚುಚ್ಚುವುದು ಎಷ್ಟೋ ಸಲ ಇಂಜೆಕ್ಷನ್ ಕೊಡುವಾಗಲ್ಲ, ಕೊಟ್ಟಾದ ಮೇಲೆ. ಎಡಗೈಯಲ್ಲಿ ಕ್ಯಾಪ್ ಹಿಡಿದು, ಬಲಗೈಯ ಸೂಜಿಯನ್ನು ಅದರೊಳಗೆ ತೂರಿಸಲು ಹೋದಾಗ ತುದಿ ಜಾರಿ ಎಡಗೈ ಬೆರಳಿಗೆ ನಾಟುತ್ತದೆ. ಕ್ಯಾಪ್ ಹಾಕಬಾರದೆಂದು ತರಗತಿಯಲ್ಲಿ ಹೇಳಿಯೇ ಇರುತ್ತಾರೆ. ಆದರೆ ನೀಡಲ್ ಕಟ್ಟರ್ ಮತ್ತು ಬಳಸಿದ ಸೂಜಿ ಹಾಕುವ ಬಿಳಿ ಡಬ್ಬಿ ವಾರ್ಡಿನ ಆ ತುದಿಯಲ್ಲಿದ್ದರೆ, ತೆರೆದ ಸೂಜಿ ಹಿಡಿದು ಜನರ ನಡುವೆ ನಡೆಯುವುದು ಹೇಗೆ? ಡಬ್ಬಿಯನ್ನು ಟ್ರಾಲಿಯಲ್ಲಿಟ್ಟು ಹಾಸಿಗೆ ಬಳಿಗೇ ಒಯ್ಯಬೇಕು, ಮುಕ್ಕಾಲು ತುಂಬಿದೊಡನೆ ಬದಲಿಸಬೇಕು. ತುಂಬಿ ತುಳುಕುವ ಡಬ್ಬಿಗೆ ಸೂಜಿ ತುರುಕುವಾಗಲೂ ಚುಚ್ಚುತ್ತದೆ. ಕಸದ ಚೀಲಕ್ಕೆ ಬಿದ್ದ ಸೂಜಿಯಂತೂ ಸ್ವಚ್ಛತಾ ಸಿಬ್ಬಂದಿಯ ಪಾಲು. ಅದು ಯಾವ ರೋಗಿಯದೆಂದು ಪತ್ತೆಯೂ ಆಗದು.

ಚುಚ್ಚಿದರೆ ಬೆರಳು ಹಿಂಡುವುದು, ಬಾಯಿಗಿಡುವುದು, ಸ್ಪಿರಿಟ್ ಸುರಿಯುವುದು ಬೇಡ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ನೇರ ಕ್ಯಾಶುವಾಲ್ಟಿಗೆ ಹೋಗಬೇಕು. ಅಗತ್ಯವಿದ್ದರೆ ಎಚ್‌ಐವಿ ತಡೆಯುವ ಮಾತ್ರೆಯನ್ನು 2 ಗಂಟೆಯೊಳಗೆ ಶುರುಮಾಡುವುದು ಒಳ್ಳೆಯದು, 72 ಗಂಟೆ ಮೀರಬಾರದು. ಬಳಿಕ 28 ದಿನ ತಪ್ಪದೆ ನುಂಗಬೇಕು. ರೋಗಿಯ ರಕ್ತದ ವರದಿ ಬರಲೆಂದು ಮೊದಲ ಡೋಸ್ ತಡಮಾಡುವಂತಿಲ್ಲ. ರಾತ್ರಿ ಪಾಳಿಯಲ್ಲಿ ಎಆರ್‌ಟಿ ಕೇಂದ್ರ (ಎಚ್‌ಐವಿ ಚಿಕಿತ್ಸಾ ಕೇಂದ್ರ) ತೆರೆದಿರುವುದಿಲ್ಲ, ಹಾಗಾಗಿ ಕ್ಯಾಶುವಾಲ್ಟಿಯ ಕಪಾಟಿನಲ್ಲೇ ಆ ಮಾತ್ರೆ ಸಿದ್ಧವಿರಬೇಕು.

ಎಲ್ಲರಿಗೂ ಭಯ ಎಚ್‌ಐವಿಯದೇ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದಾಗ ಅದು ಅಂಟುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಆದರೆ ಲಸಿಕೆ ಪಡೆಯದವರಿಗೆ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ಅಂಟುವ ಸಾಧ್ಯತೆ ನೂರಕ್ಕೆ 30ರವರೆಗೂ ಇದೆ! 0, 1, 6ನೇ ತಿಂಗಳಲ್ಲಿ ಮೂರು ಡೋಸ್ ಮುಗಿಸಿ, ಒಂದೆರಡು ತಿಂಗಳ ಬಳಿಕ ರಕ್ತದಲ್ಲಿ ಆಂಟಿಬಾಡಿ (ರೋಗ ತಡೆಯುವ ಅಂಶ) ಎಷ್ಟಿದೆಯೆಂದು ನೋಡಬೇಕು. ಮಿಲಿಲೀಟರಿಗೆ 10 ಮಿಲಿ ಯೂನಿಟ್‌ಗಿಂತ ಕಡಿಮೆಯಿದ್ದರೆ ಮತ್ತೆ ಲಸಿಕೆ. ಅಡ್ಮಿಷನ್ ಫೈಲಿನಲ್ಲಿ ಟಿಕ್ ಹಾಕಿದ ಮಾತ್ರಕ್ಕೆ ರಕ್ಷಣೆ ಬಂದಂತಲ್ಲ. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳೂ ಸಿಬ್ಬಂದಿಗೆ ಈ ಲಸಿಕೆ ಕೊಡಿಸುವ ಹೊಣೆಯನ್ನು ಆಸ್ಪತ್ರೆಗೇ ವಹಿಸಿವೆ.

ಇಷ್ಟಾದರೂ ಮಕ್ಕಳು ಬಾಯಿ ಬಿಡುವುದಿಲ್ಲ. ಹೇಳಿದೊಡನೆ ‘ಗ್ಲೌಸ್ ಹಾಕಿದ್ದೆಯಾ?’ ಎಂಬ ಗದರಿಕೆ, ಆಮೇಲೆ ಇಂಟರ್ನಲ್ ಮಾರ್ಕಿನ ಅಂಜಿಕೆ. (ಗ್ಲೌಸ್ ಸೂಜಿಯನ್ನು ತಡೆಯುವುದಿಲ್ಲ, ರಕ್ತವನ್ನು ಸ್ವಲ್ಪ ಒರೆಸುತ್ತದೆ, ಅಷ್ಟೆ.) ಸೂಜಿ ಗಾಯದ ರಿಜಿಸ್ಟರ್ ಕ್ಲಾಸ್ ಟೀಚರ ಕೈಗೆ ಹೋಗದೆ ಸೋಂಕು ನಿಯಂತ್ರಣ ನರ್ಸ್ ಬಳಿ ಇರಲಿ. ಆ ದಿನದ ಮತ್ತು ನಂತರದ ರಕ್ತಪರೀಕ್ಷೆಗಳ ಬಿಲ್ಲನ್ನು ವಿದ್ಯಾರ್ಥಿಯ ತಲೆಗೆ ಕಟ್ಟದೆ ಆಸ್ಪತ್ರೆಯೇ ಭರಿಸಲಿ.

– ನರ್ಸಿಂಗ್ ಬೋಧಕರು, ಮಂಗಳೂರು