ಎಲೆ ಎಣಿಸಿದ್ದು ಸಾಕು, ಕಾಂಡ್ಲಾದ ಕೆಸರನ್ನೂ ನೋಡಿ ಸಚಿವರೇ

ಮಾನ್ಯ ಅರಣ್ಯ ಮತ್ತು ಪರಿಸರ ಸಚಿವರಿಗೆ,

ಕುಮಟಾ ತಾಲ್ಲೂಕಿನ ಅಘನಾಶಿನಿ ದಡದಿಂದ ನಮಸ್ಕಾರ.

2024ರ ಜನವರಿಯಲ್ಲಿ ನಮ್ಮ ಅಳಿವೆ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಈಗಲೂ ಕಾಂಡ್ಲಾದ, ಅಂದರೆ ಅಳಿವೆಯ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳ, ಮಾತು ಬಂದರೆ ಎಷ್ಟು ಸಸಿ ನೆಟ್ಟರು, ಉಪಗ್ರಹದ ಚಿತ್ರದಲ್ಲಿ ಎಷ್ಟು ಹಸಿರು ಕಂಡಿತು, ಅಷ್ಟೇ. ಎಲೆ ಬಾಡುವ ಮುಂಚೆಯೇ ಎಷ್ಟೋ ಸಲ ಬೇರಿನ ಕೆಳಗಿನ ಕೆಸರು ಕೆಟ್ಟಿರುತ್ತದೆ.

ಇಳಿತದಲ್ಲಿ ಕಾಲಿಟ್ಟು ನೋಡಿ. ಮೇಲೆ ತೆಳ್ಳಗೆ ಕಂದು ಪದರ, ಕೆಳಗೆ ಇದ್ದಿಲಿನಂಥ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಬಳಚು (ತಿನ್ನುವ ಚಿಪ್ಪು) ಹೆಕ್ಕಲು ಇಳಿಯುವ ನಮ್ಮತ್ತೆಯ ಬೆಳ್ಳಿ ಕಾಲುಂಗುರ ಯಾವಾಗಲೂ ಕಪ್ಪೇ. ಎಷ್ಟು ತಿಕ್ಕಿದರೂ ನಾಲ್ಕು ದಿನ. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ, ಬೆಳ್ಳಿ ಕಪ್ಪಾಗುವುದು ಅದರಿಂದಲೇ. ಇದು ರೋಗವಲ್ಲ, ಕಾಂಡ್ಲಾದ ಕೆಸರು ಇರುವುದೇ ಹಾಗೆ. ಏಡಿ ಬಿಲ ತೋಡುತ್ತದೆ, ಉಪ್ಪಟ್ಟಿ ಎಂಬ ಕಾಂಡ್ಲಾ ಗಿಡದ ಬೇರು ಮೇಲೆದ್ದು ಗಾಳಿ ಇಳಿಸುತ್ತದೆ, ದಿನಕ್ಕೆರಡು ಸಲ ನೀರು ಬಂದು ಹೋಗುತ್ತದೆ. ರಸ್ತೆಗೋ ಸಿಗಡಿ ಕೆರೆಗೋ ಕಟ್ಟು ಹಾಕಿ ಆ ನೀರನ್ನು ನಿಲ್ಲಿಸಿದರೆ ಸಲ್ಫೈಡ್ ಏರಿ ಬೇರಿಗೇ ವಿಷವಾಗುತ್ತದೆ. ಕೆಸರನ್ನು ತೋಡಿ ಬಿಸಿಲಿಗೆ ಹಾಕಿದರೆ ಇನ್ನೊಂದು ಫಜೀತಿ. ಒಳಗಿನ ಕಬ್ಬಿಣ-ಗಂಧಕದ ಖನಿಜ ಪೈರೈಟ್‌ಗೆ ಗಾಳಿ ತಾಗಿ ಗಂಧಕಾಮ್ಲ ಹುಟ್ಟುತ್ತದೆ, ಕೆಸರು ಹಿಡಿದಿಟ್ಟ ಲೋಹಗಳೂ ನೀರಿಗೆ ಬಿಡುತ್ತವೆ. ಬಳಚು ಬೆಳೆಯುವುದು ಅದೇ ನೀರಲ್ಲಿ.

ಲೋಹದ ಪರೀಕ್ಷೆ ಮಾಡಿಸುವುದಾದರೆ ಒಂದು ಮಾತು. ಘಟ್ಟದ ಕೆಂಪು ಮಣ್ಣು, ಚಿರೆಕಲ್ಲಿನ ಪುಡಿ ಕೊಚ್ಚಿಕೊಂಡು ಬರುವ ಜಾಗ ನಮ್ಮದು. ಇಲ್ಲಿ ಕಬ್ಬಿಣ ಮೊದಲಿಂದಲೂ ಜಾಸ್ತಿ. ಎಲ್ಲಿಯದೋ ಸರಾಸರಿ ತಂದು ಹೋಲಿಸಿ ಮಾಲಿನ್ಯ ಎಂದರೆ ತಪ್ಪು. ಅದೇ ನೆಪದಲ್ಲಿ ಸೀಸ, ಸತುವನ್ನೂ ಸಹಜ ಎಂದು ಬಿಟ್ಟರೆ ಇನ್ನೂ ತಪ್ಪು. ಲೋಹ ಅಂಟಿಕೊಳ್ಳುವುದು ನುಣ್ಣನೆ ಜೇಡಿಗೆ ಜಾಸ್ತಿ, ಮರಳಿಗೆ ಕಡಿಮೆ. ಅದಕ್ಕೇ ಜೇಡಿ ಎಷ್ಟಿದೆ ಎಂದು ತೋರಿಸುವ ಅಲ್ಯುಮಿನಿಯಂ ಜೊತೆಗಿನ ಪ್ರಮಾಣ ನೋಡುತ್ತಾರೆ. ಹೋಲಿಕೆಗೆ ಇಲ್ಲೇ ಕೊಳವೆ ಇಳಿಸಿ ತೆಗೆದ ಹಳೆಯ ಪದರ ಬೇಕು. ಕೆಸರಲ್ಲಿ ಸಹಜವಾಗಿಯೇ ಇರುವ ವಿಕಿರಣಶೀಲ ಸೀಸ-210ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕಿಳಿಯುವ ಕಾಲ, ಸುಮಾರು 22 ವರ್ಷ. ಅದರ ಲೆಕ್ಕದಲ್ಲಿ ಹೆಚ್ಚುಕಡಿಮೆ ನೂರು ವರ್ಷದ ಕೆಸರಿನ ವಯಸ್ಸು ಹೇಳಬಹುದು. ಅಘನಾಶಿನಿಗೆ ಅಣೆಕಟ್ಟಿಲ್ಲ. ಕಾರವಾರದ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಎರಡೂ ಅಳಿವೆಯ ಕೆಸರು ಪಕ್ಕಪಕ್ಕ ಇಟ್ಟರೆ ಎಷ್ಟು ತಿಳಿಯುತ್ತದೆ, ಅಲ್ವಾ?

ನಾನು ಕೇಳುವುದು ಇಷ್ಟು. ಎರಡೂ ಕಡೆ ಗುರುತು ಹಾಕಿದ ಜಾಗಗಳಲ್ಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕೆಸರು ಪರೀಕ್ಷೆಯಾಗಲಿ. ಪಿಎಚ್ (ಹುಳಿಯ ಅಳತೆ), ರೆಡಾಕ್ಸ್ (ಕೆಸರು ಎಷ್ಟು ಗಾಳಿಗೆಟ್ಟಿದೆ ಎಂದು ತೋರಿಸುವ ಅಳತೆ) ಎರಡನ್ನೂ ಸ್ಥಳದಲ್ಲೇ ಅಳೆಯಲಿ. ಚೀಲದಲ್ಲಿ ಹಾಕಿ ಲ್ಯಾಬಿಗೆ ಒಯ್ಯುವಷ್ಟರಲ್ಲಿ ಗಾಳಿ ತಾಗಿ ಅಂಕಿಯೇ ಬದಲಾಗಿರುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದಲ್ಲೇ ಇದೆ, ಅವರನ್ನು ಕೇಳಿ. ಫಲಿತಾಂಶ ಪಂಚಾಯ್ತಿಯ ಗೋಡೆಗೆ ಕನ್ನಡದಲ್ಲಿ ಬರಲಿ, ಅದೂ ಸಸಿ ನೆಡುವ ಮುಂಚೆ. ನಮ್ಮ ಕಡೆ ನೀರು ನಿಲ್ಲುವ ಒಂದು ಜಾಗದಲ್ಲಿ ಸಾಲಾಗಿ ನೆಟ್ಟಿದ್ದರು, ಅರ್ಧಕ್ಕರ್ಧ ಸತ್ತವು. ಮರುವರ್ಷ ಅಲ್ಲೇ ಮತ್ತೆ ನೆಟ್ಟರು! ಕೆಸರನ್ನು ಯಾರೂ ಮುಟ್ಟಿ ನೋಡಲಿಲ್ಲ.

ಒಮ್ಮೆ ಬನ್ನಿ ಸಾರ್. ಇಳಿತದ ಹೊತ್ತು ನೋಡಿಕೊಂಡು ಬನ್ನಿ. ಉಬ್ಬರದಲ್ಲಿ ಬಂದರೆ ನಿಮಗೂ ಸುಮ್ನೆ ಹಸಿರಷ್ಟೇ ಕಾಣುತ್ತದೆ.

ಇಂತಿ,
ಅಘನಾಶಿನಿ ದಡದ ಒಬ್ಬ ನಿವಾಸಿ