ನಕ್ಷೆ ಗ್ರಾಮಸಭೆಯಲ್ಲೇ ಮೂಡಲಿ

ಮಾನ್ಯರೇ,

ಪಶ್ಚಿಮಘಟ್ಟದ ಸಂರಕ್ಷಣಾ ನಕ್ಷೆಗಳನ್ನು ಮಲೆನಾಡಿನ ಜನರನ್ನು ಕೇಳದೆ ಸಿದ್ಧಪಡಿಸುವುದು ನಿಲ್ಲಬೇಕು. ಕೇಂದ್ರ ಸರ್ಕಾರ ನೇಮಿಸಿದ್ದ ಕಸ್ತೂರಿರಂಗನ್ ಸಮಿತಿಯ 2013ರ ವರದಿ ಪರಿಸರ ಸೂಕ್ಷ್ಮ ಪ್ರದೇಶವನ್ನು ಮುಖ್ಯವಾಗಿ ಉಪಗ್ರಹ ಚಿತ್ರಗಳಿಂದ ಗುರುತಿಸಿತು. ಆದರೆ ಮರದ ನೆರಳಿನ ಕಾಫಿ ತೋಟವೂ ಕಾಡೂ ಮೇಲಿನಿಂದ ಹೆಚ್ಚುಕಡಿಮೆ ಒಂದೇ ಹಸಿರು. ಸಕಲೇಶಪುರ, ಆಲೂರು ಭಾಗದಲ್ಲಿ ಆನೆಗಳು ಯಾವ ಕಾಲದಲ್ಲಿ ಯಾವ ಹಳ್ಳ ದಾಟುತ್ತವೆ, ದೇವರಕಾಡಿನ ಗಡಿ ಎಲ್ಲಿ, ಬೇಸಿಗೆಯಲ್ಲೂ ಬತ್ತದ ಒರತೆ ಯಾವುದು ಎಂಬುದನ್ನು ಬಲ್ಲವರು ತೋಟದ ಕಾರ್ಮಿಕರು, ದನ ಕಾಯುವವರು, ಗದ್ದೆಯ ರೈತರು. ಅವರನ್ನು ಬಿಟ್ಟು ಮಾಡಿದ ಯೋಜನೆಯನ್ನು ಊರು ಅನುಮಾನದಿಂದಲೇ ನೋಡುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ ಅವಕಾಶವಿದೆ. ಅರಣ್ಯ ಇಲಾಖೆ ಇವುಗಳ ಮೂಲಕ ಗ್ರಾಮಸಭೆಯಲ್ಲಿ ಗ್ರಾಮ ನಕ್ಷೆಯನ್ನು ಹರಡಿ, ಜನರಿಂದಲೇ ಗುರುತು ಹಾಕಿಸಿ, ಆ ಬಳಿಕವೇ ಯೋಜನೆ ರೂಪಿಸಲಿ.

– ಕಾಫಿ ಬೆಳೆಗಾರ, ಸಕಲೇಶಪುರ